ಸೀಲಿಂಗಿನ ಮೇಲಿನ ವಾರಿಜಾ

ವಾರಿಜಾ ನನಗೆ ಮೊದಲು ಪರಿಚಯವಾದದ್ದು ನಮ್ಮ ಸೀಲಿಂಗ್ ಫ್ಯಾನಿನ ಮೂಲಕ. ದಿನಾ ಸಂಜೆ ನಾಲ್ಕಕ್ಕೆ ಅದು ಗಡಗಡ ನಡುಗುತ್ತಿತ್ತು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ, ನನ್ನ ತಲೆಯ ಮೇಲಿನ ಫ್ಲಾಟಿನಲ್ಲಿ, ಉಡುಪಿ ಕಡೆಯ ಈ ಹುಡುಗಿ ಎಂಟು ಮಕ್ಕಳಿಗೆ ಭರತನಾಟ್ಯ ಕಲಿಸುತ್ತಿದ್ದಳು. ನಾನೋ, ಧಾರವಾಡದ ಕಾನ್ವೆಂಟಿನಲ್ಲಿ 'ಸೈಲೆನ್ಸ್ ಈಸ್ ಗೋಲ್ಡನ್' ಎಂದು ನೂರು ಸಲ ಇಂಪೊಸಿಷನ್ ಬರೆದವಳು. ಕಮಿಟಿಗೆ ಚೊಕ್ಕ ಇಂಗ್ಲಿಷಿನಲ್ಲಿ ಒಂದು ಕಂಪ್ಲೇಂಟ್ ಬರೆದೆ. ಇನ್ನೊಮ್ಮೆ ಸದ್ದಾದರೆ ಕ್ಲಾಸ್ ಬಂದ್ ಎಂದು ಸೆಕ್ರೆಟರಿ ಅವಳಿಗೆ ತಾಕೀತು ಮಾಡಿದರು.

ಮರುದಿನ ಅವಳೇ ಕೆಳಗಿಳಿದು ಬಂದಳು, ಕೈಯಲ್ಲಿ ಪತ್ರೊಡೆಯ ಡಬ್ಬಿ.

"ಆಂಟಿ, ನನಗೆ ಬರುದು ಇದೊಂದೇ ಕೆಲಸ. ಒಂದು ವಾರ ಟೈಮ್ ಕೊಡಿ. ಮತ್ತೂ ಸದ್ದಾದ್ರೆ ನಾನೇ ಬೀಗ ಹಾಕ್ತೇನೆ."

"ಸಪ್ಪಳ ಇಲ್ಲದ ಭರತನಾಟ್ಯ ಎಲ್ಲೆರೆ ಕೇಳೀಯೇನವಾ?"

"ಕೇಳುದು ಬೇಡ ಆಂಟಿ, ಬಂದು ನೋಡಿ."

ವಾರ ಕಳೆದ ಮೇಲೆ ನೋಡಲು ಹೋದೆ. ಗೆಜ್ಜೆಗಳೆಲ್ಲ ಗೋಡೆಯ ಮೊಳೆಗೆ ನೇತುಬಿದ್ದಿದ್ದವು. ನೆಲಕ್ಕೆ ಎರಡು ಪದರ ಜಮಖಾನೆ. ಮಕ್ಕಳು ಕಾಲೆತ್ತಿ ರಭಸದಿಂದ ಇಳಿಸಿ, ಇನ್ನೇನು ನೆಲ ತಗಲಬೇಕು ಅನ್ನುವಾಗ ತಡೆದು, ಮೆತ್ತಗೆ ಊರುತ್ತಿದ್ದರು. ಅವಳು ಕೋಲು ಬಿಟ್ಟು ತೊಡೆ ತಟ್ಟಿ ತಾಳ ಹಾಕುತ್ತಿದ್ದಳು.

"ಮಲಗಿದ ಮಗುವಿನ ಪಕ್ಕ ನಡೀತೀರಲ್ಲ, ಹಾಗೆ!"

"ಟೀಚರ್, ಬಚ್ಚಾ ಕಿಧರ್ ಹೈ?" ಎಂದಿತು ಒಂದು ಮಗು.

ವಾರಿಜಾ ನನ್ನತ್ತ ಬೊಟ್ಟು ಮಾಡಿದಳು. "ಇಲ್ಲಿ ಉಂಟಲ್ಲ, ಕೆಳಗಿನ ಮನೆಯ ಬೇಬಿ!"

ನಗು ತಡೆಯಲಾಗಲಿಲ್ಲ. ಆಮೇಲೆ ದಿನಾ ನಾಲ್ಕಕ್ಕೆ ಚಹಾ ಹಿಡಿದು ಫ್ಯಾನ್ ನೋಡುತ್ತ ಕೂರುವುದೇ ನನ್ನ ಡ್ಯೂಟಿಯಾಯಿತು. ಅದು ಅಲುಗಲಿಲ್ಲ. ಕ್ಲಾಸ್ ಉಳಿಯಿತು.

ಫಜೀತಿಯಾದದ್ದು ಥಾಣೆಯಲ್ಲಿ ನಡೆದ ಮಕ್ಕಳ ಮೊದಲ ಷೋದಲ್ಲಿ. ಮರದ ಸ್ಟೇಜಿನ ಮೇಲೂ ಮಕ್ಕಳು ಅಭ್ಯಾಸಬಲದಿಂದ ಹಾಗೆಯೇ ಕುಣಿದುಬಿಟ್ಟರು. "ಅಯ್ಯೋ, ತಟ್ಟಿ ಮಾರಾಯ್ರೆ, ತಟ್ಟಿ!" ಎಂದು ಪರದೆಯ ಮರೆಯಲ್ಲಿ ವಾರಿಜಾ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಹೆಜ್ಜೆಯ ಸದ್ದೇ ಇಲ್ಲ. ಗೆಜ್ಜೆ ಮಾತ್ರ ಸಣ್ಣಗೆ ಘಲ್ ಅನ್ನುತ್ತಿತ್ತು. ಅದನ್ನು ಕೇಳಲೆಂದು ಜನ ಚಿಪ್ಸ್ ಪ್ಯಾಕೆಟ್ ಮಡಚಿಟ್ಟು ಮುಂದಕ್ಕೆ ಬಾಗಿದರು! ಅದಾದ ಮೇಲೆ ಕಲ್ಯಾಣದ ಶಾಲೆಗಳು, ಬೇಲಾಪುರದ ಆಫೀಸುಗಳು ಕೊರಿಯೊಗ್ರಫಿಗೆ ಅವಳನ್ನೇ ಕರೆಯತೊಡಗಿದವು. ಆದರೆ ಷೋ ಮುಗಿದ ಮೇಲೆ ಸನ್ಮಾನಕ್ಕೆ ಸ್ಟೇಜ್ ಹತ್ತು ಎಂದರೆ ಅವಳು ಎಂದೂ ಹತ್ತಲಿಲ್ಲ.

"ಕುಣಿದದ್ದು ಮಕ್ಕಳಲ್ವಾ ಆಂಟಿ? ಈ ಸೆಖೆಯಲ್ಲಿ ನನಗೆ ಎಂತಕ್ಕೆ ಶಾಲು?"

ಕಳೆದ ವರ್ಷ ಐರೋಲಿಯಲ್ಲಿ ಅವಳ ಕ್ಲಾಸಿಗೆ ನೆಲಮಹಡಿಯ ಜಾಗ ಸಿಕ್ಕಿತು. ಹೊರಡುವ ದಿನ ನನ್ನ ಕಾಲಿಗೆರಗಿ, "ಅಲ್ಲಿ ಬೇಕಾದಷ್ಟು ಕುಟ್ಟಬಹುದು ಆಂಟಿ. ನಿಮ್ಮ ಫ್ಯಾನಿಗೆ ನನ್ನ ಸಾರಿ ಹೇಳಿ" ಎಂದಳು.

ಈಗ ಮೇಲಿರುವುದು ಬ್ಯಾಂಕ್ ದಂಪತಿ. ನಾಲ್ಕಕ್ಕೆ ಮನೆಯಲ್ಲೇ ಇರುವುದಿಲ್ಲ. ನಾನು ಚಹಾ ಹಿಡಿದು ಫ್ಯಾನ್ ನೋಡುತ್ತೇನೆ. ಆಗಲೂ ಹೀಗೇ ನಿಶ್ಶಬ್ದವಿತ್ತು; ಅದರೊಳಗೆ ಎಂಟು ಮಕ್ಕಳು ಕುಣಿಯುತ್ತಿದ್ದರು.