ನಾಗವೇಣಿಯ ಬ್ಲಾಕ್ ಪಾಠ

ನಾಗವೇಣಿ, ಕಾರವಾರದ ನಮ್ಮ ಕಾಲೇಜಿನಲ್ಲಿ ಎಲ್ಲರೂ ‘ಸರ್ ಅವರ ಬ್ಲಾಕ್ ಪಾಠ’ ಎಂದು ಹೊಗಳುವ ಪಾಠ ನನ್ನದಲ್ಲ, ನಿನ್ನದು. ಅದನ್ನು ನಾನು ಕದ್ದೆ. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ.

ಸಿಂಗಲ್‌ಟನ್ ಕ್ಲಾಸ್ ಎಂದರೆ ಒಂದೇ ಒಂದು ಆಬ್ಜೆಕ್ಟ್ ಹುಟ್ಟಿಸಬಲ್ಲ ಕ್ಲಾಸ್ ಎಂದು ನಾನು ಅಂದು ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ನಾವು ಕಲಿಸುತ್ತಿದ್ದ ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದರ ಅರ್ಥ ಬೇರೆಯೇ. ನಾನೋ, ಓದದೆ ಊಹಿಸಿದವನು. ಹಿಂದಿನ ಬೆಂಚಿನಿಂದ ನೀನು ಎದ್ದು ನಿಂತೆ. ನಿನ್ನ ಅಮ್ಮ ಹಟ್ಟಿಕೇರಿಯಲ್ಲಿ ಸಿಮೆಂಟ್ ಬ್ಲಾಕ್ ಮಾಡುವ ಕೂಲಿಗೆ ಹೋಗುತ್ತಿದ್ದರು. ಸಂಜೆ ತಮ್ಮ ಸಾಲು ಎಲ್ಲಿಗೆ ಮುಗಿಯಿತೆಂದು ಗುರುತಿಗೆ ಕೊನೆಯ ಹಸಿ ಬ್ಲಾಕಿನ ಮೇಲೆ ಮೊಳೆಯಿಂದ ಗೀರು ಎಳೆಯುತ್ತಿದ್ದರಂತೆ.

“ಕ್ಲಾಸು ಅಂದ್ರೆ ಅಚ್ಚು, ಆಬ್ಜೆಕ್ಟು ಅಂದ್ರೆ ಅದ್ರಿಂದ ಬರೂ ಬ್ಲಾಕು ಸರ್. ಆ ಗೀರು ಅದೊಂದು ಬ್ಲಾಕಿಗೆ ಮಾತ್ರ. ಹಂಗೇ ಒಂದು ಆಬ್ಜೆಕ್ಟಿಗೆ ಮಾತ್ರ ಇರೂದನ್ನ ಇಡೂ ಜಾಗನೇ ಸಿಂಗಲ್‌ಟನ್ ಕ್ಲಾಸು. ಅಚ್ಚೂ ಒಂದು ವಸ್ತುನೇ ಅಲ್ರಾ? ಅಚ್ಚಿಗೆ ಹಿಡಿಕೆ ಅದೆ, ಬ್ಲಾಕಿಗೆ ಇಲ್ಲ. ಹಂಗೇ ಕ್ಲಾಸಿಗೇ ಸೇರಿದ್ದು ಇರೂದು ಆ ಕ್ಲಾಸಿನದೇ ಸಿಂಗಲ್‌ಟನ್ ಕ್ಲಾಸಲ್ಲಿ, ಅದಕ್ಕೇ ಮೆಟಾಕ್ಲಾಸು ಅನ್ನೂದು.”

ಎಂಥ ತಿಳಿಯಾದ ತಲೆ ನಿನ್ನದು! ದಪ್ಪ ದಪ್ಪ ಪುಸ್ತಕಗಳು ನನಗೆ ದಾಟಿಸಲಾಗದ್ದನ್ನು ನೀನು ನಿಂತ ನಿಲುವಿನಲ್ಲಿ ದಾಟಿಸಿದೆ. ಮೈ ಜುಮ್ಮೆಂದಿತು — ಮರುಕ್ಷಣವೇ ಹೊಟ್ಟೆ ಉರಿಯಿತು. ಕೂತ್ಕೋ ಎಂದೆ.

ಆ ವರ್ಷ ನಿಮ್ಮ ಕೋರ್ಸ್ ಮುಗಿದಾಗ ಲ್ಯಾಬಿನಲ್ಲಿ ಒಂದು ಕೆಲಸ ಖಾಲಿಯಿತ್ತು. ವಿಭಾಗದ ಮುಖ್ಯಸ್ಥರು ನಿನ್ನ ಹೆಸರು ಹೇಳಿ ನನ್ನ ಅಭಿಪ್ರಾಯ ಕೇಳಿದರು. ಶೆಟಗೇರಿಯ ನಿನ್ನ ಮನೆಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ನಿನ್ನ ಮಾತೇ ಸರಿಯೆಂದೂ ಅಷ್ಟರಲ್ಲಿ ಓದಿ ತಿಳಿದಿದ್ದೆ. ಆದರೂ, “ಅವಳಿಗೆ ಬುನಾದಿಯೇ ಸರಿಯಿಲ್ಲ” ಎಂದೆ. ಕೆಲಸ ಇನ್ನೊಬ್ಬರಿಗೆ ಹೋಯಿತು. ಮುಂದಿನ ವರ್ಷದಿಂದ ನಿನ್ನ ಅಚ್ಚು, ನಿನ್ನ ಅಮ್ಮನ ಗೀರು, ಎಲ್ಲವೂ ನನ್ನ ಪಾಠವಾದವು.

ಮೊನ್ನೆ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಬಂದು ತಾನು ನಿನ್ನ ತಂಗಿ ಎಂದಳು. ನೀನು ಈಗ ಅಂಕೋಲೆಯಲ್ಲಿ ಟ್ಯೂಷನ್ ಹೇಳುತ್ತೀಯಂತೆ.

“ಅಕ್ಕ ಈ ಪಾಠ ಹೇಳೂಕೆ ಮೊದ್ಲು, ಇದು ನಮ್ಮ ಸರ್ ಕಲಿಸಿದ್ದು ಅಂತದೆ.”

ನಾನು ಕಲಿಸಿದ್ದೇ? ನಾನು ನಿನ್ನನ್ನು ಕೂರಿಸಿದ್ದಷ್ಟೇ. ಪಾಠ ನಿನ್ನದೇ ಎಂದು ಗೊತ್ತಿದ್ದೂ ನೀನು — ಆ ದೊಡ್ಡತನದ ಎದುರು ನನ್ನ ಇಷ್ಟು ವರ್ಷದ ಮೇಷ್ಟರಿಕೆ ಏನೂ ಅಲ್ಲ.

ನಾಳೆ ಅದೇ ತರಗತಿಯಲ್ಲಿ, ನಿನ್ನ ತಂಗಿಯ ಎದುರಿಗೇ, ಪಾಠ ಯಾರದೆಂದು ಹೇಳುತ್ತೇನೆ. ನಿನ್ನ ಬಗ್ಗೆ ಮುಖ್ಯಸ್ಥರಿಗೆ ಸುಳ್ಳು ಹೇಳಿದ್ದನ್ನೂ ಹೇಳುತ್ತೇನೆ. ಪಾಠ ನಿನಗೆ ಮರಳೀತು. ಆ ಕೆಲಸವನ್ನು ಮಾತ್ರ ನಾನು ಮರಳಿಸಲಾರೆ.