ದೇವದುರ್ಗಕ್ಕೆ ಹೊರಟ ಮೀನು

ರಾಯಚೂರಿನ ನಮ್ಮ ಬಾಡಿಗೆ ಮನೆಯ ಗಾಜಿನ ತೊಟ್ಟಿಯಲ್ಲಿ ಎರಡು ಆಸ್ಕರ್ ಮೀನುಗಳಿದ್ದವು. ತಂದಾಗ ಹೆಬ್ಬೆರಳಷ್ಟಿದ್ದವು, ನೋಡುನೋಡುತ್ತಲೇ ಅಂಗೈ ಮೀರಿ ಬೆಳೆದು, ತಿರುಗಲು ಜಾಗವಿಲ್ಲದೆ ಗಾಜಿಗೆ ಮೂತಿ ಉಜ್ಜತೊಡಗಿದವು. ನನ್ನ ಜೊತೆ ಹಿಂದೆ ಕೆಲಸ ಮಾಡಿದ ಟೀಚರೊಬ್ಬರ ದೇವದುರ್ಗದ ಮನೆಯಂಗಳದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿಯಿತ್ತು. ಒಂದೊಂದಾಗಿ ಅಲ್ಲಿಗೆ ಸಾಗಿಸುವುದೆಂದು ಠರಾಯಿಸಿದೆವು. ನಾನು ಹೂಂ ಅಂದೆನೇ ಹೊರತು ಒಳಗೊಳಗೇ ಪುಕ್ಕಲು. ಬಾಯಿಲ್ಲದ ಜೀವವನ್ನು ಕತ್ತಲೆ ಡಬ್ಬಿಗೆ ತುಂಬಿ ಇಂಥ ಬಿಸಿಲಲ್ಲಿ ಬಸ್ಸು ಹತ್ತಿಸಲು ನಾನ್ಯಾರು?

ದೂರ ಸಾಗಿಸುವ ಮೀನಿಗೆ ಮೊದಲೇ ಊಟ ಬಿಡಿಸಬೇಕು. ಹೊಟ್ಟೆ ತುಂಬಿದ ಮೀನು ಸಾಗಿಸುವ ಚೀಲದ ನೀರನ್ನು ಹೊಲಸು ಮಾಡುತ್ತದೆ, ಆ ನೀರೇ ಅದಕ್ಕೆ ವಿಷ. ಮನೆಯಲ್ಲಿದ್ದ ಅತ್ತೆಗೆ ಮಾತ್ರ ಇದು ಸೇರಲಿಲ್ಲ. "ಅದನ್ಯಾಕ ಉಪವಾಸ ಕೆಡವಿಯವ್ವಾ?" ಎಂದು ಗೊಣಗುತ್ತಿದ್ದರು. ಕಾರಣ ಬಿಡಿಸಿ ಹೇಳದೆ ನಾನು ನಕ್ಕುಬಿಟ್ಟೆ.

ಹೊರಡುವ ದಿನ ಮೀನಿನಂಗಡಿಯಲ್ಲಿ ಒಂದು ಮೀನನ್ನು ನೀರಿನ ಚೀಲಕ್ಕೆ ಹಾಕಿ, ಆಕ್ಸಿಜನ್ ತುಂಬಿಸಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡೆ. ನೇರ ಬಸ್ಸು ತಪ್ಪಿತ್ತು, ಮಾನ್ವಿಗೆ ಹೋಗಿ ಬಸ್ಸು ಬದಲಿಸಬೇಕಾಯಿತು. ಮಾನ್ವಿ ಬಸ್ ನಿಲ್ದಾಣದಲ್ಲಿ ಅತ್ತೆಯ ಫೋನು ಬಂತು.

"ಚಿಂತಿ ಮಾಡಬ್ಯಾಡವ್ವಾ. ನೀ ಜಳಕಕ್ಕ ಹೋದಾಗ ಹೊಟ್ಟಿತುಂಬ ಅದರ ಕಾಳು ಹಾಕೀನಿ, ಎರಡು ತುತ್ತು ಮೊಸರನ್ನನೂ ಹಾಕೀನಿ. ಊರಿಗೆ ಹೊಂಟವ್ರನ್ನ ಹಸಿದ ಹೊಟ್ಟೀಲೆ ಕಳಸ್ತಾರೇನು?"

ಮುಚ್ಚಳ ತೆಗೆದು ನೋಡಿದರೆ ನೀರು ಆಗಲೇ ಕದಡಿತ್ತು. ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಚೀಲ ಬಿಚ್ಚಿದರೆ ತುಂಬಿಸಿದ ಗಾಳಿ ಹೋಗುತ್ತದೆ, ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಮೀನಿಗೆ ಹಾಕುವಂತಿಲ್ಲ. ಬಿಚ್ಚದಿದ್ದರೆ ಆ ಹೊಲಸಿನಲ್ಲೇ ಅದು ಉಸಿರಾಡಬೇಕು. ಅತ್ತ ದರಿ, ಇತ್ತ ಪುಲಿ. ಮುಚ್ಚಳ ಹಾಕಿ ಬಸ್ಸು ಹತ್ತಿದೆ.

ಅತ್ತೆಯ ಮೇಲೆ ಸಿಟ್ಟು ನೆತ್ತಿಗೇರಿತ್ತು. ಸಿರವಾರದಲ್ಲಿ ಭತ್ತದ ಟ್ರ್ಯಾಕ್ಟರುಗಳು ಅಡ್ಡ ನಿಂತಾಗ ಸಿಟ್ಟೂ ಉಳಿಯಲಿಲ್ಲ, ಬರೀ ಹೆದರಿಕೆ. ತೊಡೆಯ ಮೇಲಿನ ಡಬ್ಬಿಯೊಳಗೆ ಆಗಾಗ ಬಡಿದುಕೊಳ್ಳುವ ಸದ್ದು ಬರುತ್ತಿತ್ತು. ಬಡಿದಾಗ ಸಂಕಟ, ಬಡಿಯದಿದ್ದರೆ ಇನ್ನೂ ಸಂಕಟ. ಪಕ್ಕದಲ್ಲಿ ಕೂತ ಹೆಂಗಸು, "ಅದರಾಗ ಏನೈತ್ರೀ, ಕೋಳಿ ಏನ್ರೀ?" ಎಂದು ಕೇಳಿದಳು. ನಾನು ಡಬ್ಬಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ದೇವದುರ್ಗ ಇನ್ನೂ ದೂರವಿರುವಾಗಲೇ ಸದ್ದು ನಿಂತಿತು. ಮುಚ್ಚಳ ತೆಗೆಯುವ ಧೈರ್ಯ ನನಗಾಗಲಿಲ್ಲ.

ಟೀಚರ ಅಂಗಳದಲ್ಲಿ ಚೀಲ ಬಿಚ್ಚಿದಾಗ ಮೀನು ಮಗ್ಗುಲಾಗಿ ತೇಲಿತು. ಟೀಚರು ಅದನ್ನು ತೊಟ್ಟಿಯ ನೀರಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿದರು. ಅದರ ಜೀವ ಹೋಗಿತ್ತು.

ಅಷ್ಟರಲ್ಲಿ ಮತ್ತೆ ಅತ್ತೆಯ ಫೋನು. "ಮೀನು ಊರು ಮುಟ್ಟಿತೇನವ್ವಾ?"

"ಮುಟ್ಟೇದ್ರೀ. ಆರಾಮ ಅದ," ಎಂದುಬಿಟ್ಟೆ. ಮುದುಕಿಯ ಜೀವ ಯಾಕೆ ನೋಯಿಸಲಿ ಅನ್ನಿಸಿತು.

"ನಾ ಉಣಿಸಿ ಕಳಿಸಿದ್ದಕ್ಕ ತಡಕೊಂಡೈತಿ ನೋಡು! ಇನ್ನೊಂದಕ್ಕೂ ಹೊಂಡೂ ದಿನ ಹಿಂಗ ಉಣಿಸ್ತೀನಿ."

"ಬ್ಯಾಡ್ರೀ ಅತ್ತೀ," ಎಂದೆ.

"ಯಾಕ?"

ಹೇಳದೆ ಗತಿಯಿರಲಿಲ್ಲ, ಎಲ್ಲವನ್ನೂ ಹೇಳಿದೆ. ಆಮೇಲೆ ಅತ್ತೆ ಸಣ್ಣ ದನಿಯಲ್ಲಿ ಕೇಳಿದರು:

"ಜೀವ ಹೋಗೂಮುಂದ ಅದಕ್ಕ ಭಾಳ ತ್ರಾಸಾತೇನವ್ವಾ?"