ಪೂಜೆ ಮಾಡಿದ ಪೆಟ್ಟಿಗೆ ನೆಲಕ್ಕಿಳಿದದ್ದು

ಈಗಲೂ ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಮುಂದೆ ಯಾವುದಾದರೂ ಆಟೋ ಎದೆ ಅದುರುವಂತೆ ಹಾಡು ಹಾಕಿಕೊಂಡು ಹಾದುಹೋದರೆ ನಾನು ಆಟೋ ಕಡೆ ನೋಡುವುದಿಲ್ಲ, ತಲೆಯೆತ್ತಿ ಮೇಲೆ ನೋಡುತ್ತೇನೆ. ಮೇಲೆ ಆಕಾಶ ಬಿಟ್ಟು ಏನೂ ಇರುವುದಿಲ್ಲ. ಆಮೇಲೆ ಅಪ್ಪ ನಮ್ಮೂರು ಬಾಗೂರಿನಲ್ಲಿ ಚೆನ್ನಾಗಿದ್ದಾನೆ, ಬೆಳಿಗ್ಗೆ ರೊಟ್ಟಿ ತಿಂದಿದ್ದಾನೆ, ಅವ್ವನ ಹತ್ತಿರ ಬೈಸಿಕೊಂಡಿದ್ದಾನೆ ಎಂದು ನೆನಪು ಮಾಡಿಕೊಳ್ಳುತ್ತೇನೆ. ಉಸಿರು ತಾನಾಗಿ ಸರಿಹೋಗುತ್ತದೆ. ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವುದಕ್ಕೂ ನನಗೆ ಆ ಮಾತಿನ ಆಸರೆ ಬೇಕು.

ಅಪ್ಪ ವಯಸ್ಸಿನಲ್ಲಿ ಡೊಳ್ಳು ಬಾರಿಸುತ್ತಿದ್ದ. ಕುರಿ ಕಾಯುವ ನಮ್ಮ ಮನೆತನಗಳಲ್ಲಿ ಅದೇನು ದೊಡ್ಡ ವಿಷಯವಲ್ಲ, ಆದರೆ ಅವನಿಗೆ ಮಿಕ್ಕಿದ್ದೆಲ್ಲಕ್ಕಿಂತ ಅದೇ ದೊಡ್ಡದಾಗಿತ್ತು. ಕಿವಿ ಹೋಗತೊಡಗಿದ್ದು ಸಣ್ಣ ಸದ್ದುಗಳಿಂದ. ಮೊದಲು ಫೋನಿನ ಗಂಟೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನನ್ನ ದನಿ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ "ಕಿವ್ಯಾಗೆ ತಗಡು ಉಜ್ಜಿದಂಗೈತೆ" ಎಂದು ತೆಗೆದು ಗೂಡಿನಲ್ಲಿಟ್ಟ. ಆದರೆ ಮನೆ ಮುಂದೆ ಹೊಸದುರ್ಗದ ಬಸ್ಸು ಬಂದು ನಿಂತರೆ ಬಾಗಿಲಿಗೆ ಬೆನ್ನು ಹಾಕಿ ಕೂತವನಿಗೂ ಗೊತ್ತಾಗುತ್ತಿತ್ತು. ದಪ್ಪ ಸದ್ದು ಮಾತ್ರ ಅವನೊಳಗೆ ಇನ್ನೂ ದಾರಿ ಇಟ್ಟುಕೊಂಡಿತ್ತು.

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹೊಸದುರ್ಗದಲ್ಲಿ ಮದುವೆ ಮುಂಜಿಗೆ ಮೈಕ್ ಸೆಟ್ ಹಾಕುವವರು. ಒಮ್ಮೆ ಅವರ ಅಂಗಡಿಯಲ್ಲಿ ದೊಡ್ಡ ಬೇಸ್ ಪೆಟ್ಟಿಗೆಯನ್ನು ಪರೀಕ್ಷೆ ಮಾಡುತ್ತಿದ್ದಾಗ ಅಪ್ಪ ಅದರ ನೆತ್ತಿಯ ಮೇಲೆ ಅಂಗೈ ಇಟ್ಟವನು ಬಹಳ ಹೊತ್ತು ತೆಗೆಯಲಿಲ್ಲ. "ಇದು ಕೇಳಿಸ್ತೈತೆ" ಅಂದ. ಮಾತಿಗೆ ಮಾತು ಸೇರದೆ ಮನೆಯೊಳಗೇ ಒಂಟಿಯಾಗುತ್ತಿದ್ದ ಮನುಷ್ಯ ಆ ಒಂದು ಮಾತು ಹೇಳಿದ ಮೇಲೆ ಭಾವ ಸುಮ್ಮನಿರಲಿಲ್ಲ. ಅಪ್ಪನ ಜೊತೆ ಬಾರಿಸುತ್ತಿದ್ದ ಮೇಳದವರು ಈಗ ಹಿರಿಯೂರಿನ ಕಡೆ ಇದ್ದಾರೆ. ಭಾವ ತಮ್ಮ ಮೈಕುಗಳನ್ನು ಹೊತ್ತು ಅಲ್ಲಿಗೇ ಹೋಗಿ ಅವರ ಡೊಳ್ಳನ್ನು ರೆಕಾರ್ಡ್ ಮಾಡಿಕೊಂಡು ಬಂದರು. ಇನ್ನು ಅದನ್ನು ಅಪ್ಪನಿಗೆ ಮುಟ್ಟಿಸುವ ಪೆಟ್ಟಿಗೆ ಬೇಕಿತ್ತು. ನಾನು ಬಿ.ಎಸ್ಸಿ. ಓದಿ ಚಿತ್ರದುರ್ಗದಲ್ಲಿ ಪಾಠ ಹೇಳುವವಳು. ಲೆಕ್ಕ ಹಾಕುವ ಕೆಲಸ ನನಗೆ ಬಂತು.

ಚಿತ್ರದುರ್ಗದ ಅಂಗಡಿಯಲ್ಲೇ ಮೊದಲ ಜಗಳ. ಭಾವನಿಗೆ ಹದಿನೈದು ಇಂಚಿನ, ಗಟ್ಟಿ ಕಾಗದದ, ಬಟ್ಟೆ ಅಂಚಿನ ಸ್ಪೀಕರ್ ಬೇಕು. ನನಗೆ ಕಾರಿನಲ್ಲಿ ಹಾಕುವ ಹನ್ನೆರಡು ಇಂಚಿನದು, ರಬ್ಬರ್ ಅಂಚಿನದು.

"ಬಾಯಿ ದೊಡ್ಡದಿದ್ರೆ ಕೂಗು ದೊಡ್ಡದು ಕಣವ್ವ ಮೇಡಂ. ಇದೇನು ರೊಟ್ಟಿ ಹೆಂಚಿನಷ್ಟೈತೆ," ಅಂದರು ಭಾವ.

"ಭಾವ, ನಿಮ್ದು ಮೈದಾನದಾಗೆ ಸಾವಿರ ಜನಕ್ಕೆ ಕೂಗೋ ಸ್ಪೀಕರ್ರು. ಸಣ್ಣ ಪೆಟ್ಟಿಗೇಲಿ ಅದು ಕೆಳಗಿನ ಸ್ವರಕ್ಕೆ ಇಳಿಯಾದಿಲ್ಲ. ಒತ್ತಿ ನೋಡ್ರಿ."

ಅವರು ಐದೂ ಬೆರಳು ಅಗಲಿಸಿ ಎರಡರ ನಡುವಿನ ಬಟ್ಟಲಿನಂಥ ಕೋನನ್ನೂ ಮೆಲ್ಲಗೆ ಒತ್ತಿದರು. ಹದಿನೈದರದು ಬಿಗಿಯಾಗಿ ಅಲ್ಲೇ ನಿಂತಿತು. ಹನ್ನೆರಡರದು ಮೆತ್ತಗೆ ಒಳಗೆ ಹೋಗಿ ಮೆತ್ತಗೆ ಹೊರಗೆ ಬಂತು. ಜೊತೆಗೆ ಕೊಟ್ಟ ಕಾಗದದಲ್ಲೂ ಅದೇ ಇತ್ತು: ಸ್ಪೀಕರ್ ತಾನಾಗಿ ತೂಗಾಡುವ ವೇಗ ಹನ್ನೆರಡರದ್ದು ಕಡಿಮೆ, ಅಂದರೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಭಾವ ಕಾಗದ ನಂಬುವವರಲ್ಲ. ಬೆರಳನ್ನು ನಂಬಿದರು.

ಎರಡನೆಯ ಜಗಳ ಪೆಟ್ಟಿಗೆಯದು. ಸುತ್ತ ಮುಚ್ಚಿದ ಪೆಟ್ಟಿಗೆಯಲ್ಲಿ ಸದ್ದು ಸ್ವಲ್ಪ ಕಡಿಮೆ, ಆದರೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಬಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಕೊಳವೆ ಇಟ್ಟು ಗಾಳಿಗೆ ದಾರಿ ಬಿಟ್ಟರೆ ಸದ್ದು ಜಾಸ್ತಿ, ಆದರೆ ಪೆಟ್ಟಿನ ಬಾಲ ಉದ್ದವಾಗುತ್ತದೆ. ಡೊಳ್ಳಿಗೆ ಮುಚ್ಚಿದ್ದೇ ಸರಿ ಎಂದು ನಾನು, ಕಿವಿ ಕೇಳದವನಿಗೆ ಸದ್ದು ಜಾಸ್ತಿ ಬೇಕು ಎಂದು ಭಾವ. ಅವರ ಮಾತಿನಲ್ಲೂ ನ್ಯಾಯವಿತ್ತು. ಹೊಳಲ್ಕೆರೆಯಲ್ಲಿ ಅವರ ಪರಿಚಯದ ಬಡಗಿ ನನ್ನ ಅಳತೆಯಂತೆ ದಪ್ಪ ಪ್ಲೈವುಡ್ ಕೊಯ್ದು, ಮುಂಭಾಗದಲ್ಲಿ ಪಿ.ವಿ.ಸಿ. ಕೊಳವೆ ಕೂರಿಸಿ, ಹೊರಗೆಲ್ಲ ಕಪ್ಪು ಮೈಕಾ ಹಾಳೆ ಹಚ್ಚಿಕೊಟ್ಟ. ತಳಕ್ಕೆ ಕಪ್ಪು ಸಾಲದೆ ಉಳಿದಿದ್ದ ಬಿಳಿ ಮೈಕಾ ಹಚ್ಚಿದ. ಇಬ್ಬರು ಹಿಡಿದು ಎತ್ತುವಷ್ಟು ಭಾರವಾಗಿತ್ತು. ಅದಕ್ಕೆ ನಾವಿಬ್ಬರೂ ಹೆಮ್ಮೆಪಟ್ಟೆವು.

ಬಾಗೂರಿಗೆ ಪೆಟ್ಟಿಗೆ ಬಂದ ದಿನ ಅವ್ವ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದಳು. ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನಿಂದ ಮಿಕ್ಸಿವರೆಗೆ ಹೊಸದಾಗಿ ಬಂದದ್ದಕ್ಕೆಲ್ಲ ಇದು ಉಂಟು. ಪೂಜೆ ಮುಗಿದ ಮೇಲೆ ಭಾವ ಅದನ್ನು ಮೂಲೆಯಲ್ಲಿ ನೆಲದ ಮೇಲೆ ಇಡಲು ಹೋದರು.

"ಅಯ್ಯೋ, ಕೆಳಗಿಡಬ್ಯಾಡ್ರಿ! ವಾದ್ಯ ಅದು. ಕುಂಕುಮ ಇಟ್ಟಾದ ಮ್ಯಾಲೆ ಕಾಲು ತಾಕಬಾರದು."

"ಅವ್ವಾ, ಬೇಸ್ ಪೆಟ್ಟಿಗೆ ನೆಲದ ಮ್ಯಾಲೇ ಇರಬೇಕು," ಅಂದೆ ನಾನು.

"ನಿಮ್ಮಪ್ಪ ಡೊಳ್ಳು ಎಲ್ಲಿಡ್ತಿದ್ದ ಕೇಳು. ಗೂಟಕ್ಕೆ! ನೆಲಕ್ಕಿಟ್ಟಿದ್ದು ನೋಡಿದ್ಯೇನು?"

ಭಾವನೂ ಹಾರ್ನುಗಳನ್ನು ಕಂಬಕ್ಕೆ, ಮರಕ್ಕೆ ಕಟ್ಟಿಯೇ ಬೆಳೆದವರು. "ಮ್ಯಾಲಿದ್ರೆ ಸದ್ದು ಚೆಂದ ಹರಡ್ತೈತೆ ಬಿಡವ್ವ" ಅಂದರು. ನಡುಮನೆಯ ಗೋಡೆಗೆ ಕಡಪ ಕಲ್ಲಿನ ಅಗಲವಾದ ಸಜ್ಜ ಕೂರಿಸಿತ್ತು. ಅದರ ಮೇಲಿದ್ದ ಹಾಸಿಗೆಗಳನ್ನು ಇಳಿಸಿ, ಪೆಟ್ಟಿಗೆಯನ್ನು ಏರಿಸಿದೆವು. ಕುಂಕುಮ ಇಟ್ಟ ಮುಖ ಎಲ್ಲರಿಗೂ ಕಾಣುವಂತೆ ಕೂತಿತು. ನೋಡಲು ನಿಜಕ್ಕೂ ಚೆನ್ನಾಗಿತ್ತು.

ಮಧ್ಯಾಹ್ನ ಊಟ ಮುಗಿದ ಮೇಲೆ ಭಾವ ಎದುರಿನ ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಕೂತು ಡೊಳ್ಳು ಹಾಕಿದರು. ಅಪ್ಪ ಮೊದಲು ದೂರ ಕೂತಿದ್ದ. ಆಮೇಲೆ ಎದ್ದು ಹೋಗಿ ಗೋಡೆ ಮುಟ್ಟಿದ. ಕಲ್ಲಿನಿಂದ ಗೋಡೆಗೆ ಇಳಿದ ಪೆಟ್ಟು ಅವನ ಅಂಗೈಗೆ ಸಿಕ್ಕಿತು. ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಬಂದು, ಗೋಡೆಗೆ ಮಗ್ಗುಲಾಗಿ ಹಾಕಿ, ಕೈಚಾಚಿ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದ. ಅವನ ತಲೆ ಸಜ್ಜದ ಅಂಚಿನ ನೇರಕ್ಕೆ ಕೆಳಗಿತ್ತು. ನಮಗೆ ಯಾರಿಗೂ ಆಗ ಸಜ್ಜದ ಅಂಚು ಮುಖ್ಯವಾಗಿ ಕಾಣಲಿಲ್ಲ. ಅಪ್ಪನ ಮುಖವೇ ಕಂಡದ್ದು. ಅವನ ಹೆಬ್ಬೆರಳು ತೊಡೆಯ ಮೇಲೆ ಬಡಿಯುತ್ತಿತ್ತು, ತಾಳಕ್ಕೆ ಸರಿಯಾಗಿ.

"ಇನ್ನೂ ಏರ್ಸಪ್ಪ," ಅಂದ. ಭಾವ ಏರಿಸಿದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಪ್ಪು ಪೆಟ್ಟಿಗೆಯ ಕೆಳಗೆ ಒಂದು ಬಿಳಿ ಗೆರೆ ಕಂಡಿತು. ಅದು ಮೊದಲು ಇರಲಿಲ್ಲ. ಊದುಬತ್ತಿಯ ಬೂದಿ ಇರಬೇಕು ಅಂದುಕೊಂಡೆ. ಡೊಳ್ಳಿನ ಒಂದೊಂದು ಪೆಟ್ಟಿಗೂ ಗೆರೆ ದಪ್ಪವಾಯಿತು. ಅದು ತಳದ ಬಿಳಿ ಮೈಕಾ ಎಂದು ಹೊಳೆಯುವಷ್ಟರಲ್ಲಿ ಪಟ್ಟಿ ಅಂಗೈಯಗಲ ಆಗಿತ್ತು. ನುಣುಪು ಕಲ್ಲಿನ ಮೇಲೆ ನುಣುಪು ಮೈಕಾ. ಪೆಟ್ಟಿಗೆ ತನ್ನ ಹೊಡೆತಕ್ಕೆ ತಾನೇ ನಡೆದು ಬರುತ್ತಿತ್ತು.

"ಅಪ್ಪಾ, ಏಳು!" ಎಂದು ಕೂಗಿದೆ. ಇಂಥ ಕೂಗನ್ನು ನಾನು ಜೀವನದಲ್ಲಿ ಕೂಗಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ನಗುತ್ತಿದ್ದ. ನನ್ನ ದನಿ ಅವನನ್ನು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತಲ್ಲ. ಅದು ಭಾವನಿಗೆ ಕೇಳಿಸಿತು. ಅವರು ತಿರುಗಿ ನೋಡಿದವರೇ ಪ್ಲಗ್ ಕಿತ್ತುಬಿಟ್ಟರು.

ಸದ್ದು ನಿಂತಿತು. ಅಷ್ಟೊಂದು ಕೂಗಿದರೂ ಏಳದ ಅಪ್ಪ, ಸದ್ದು ನಿಂತದ್ದಕ್ಕೆ ಕಣ್ಣು ಬಿಟ್ಟ. "ಯಾಕಪ್ಪ ನಿಲ್ಸಿದೆ? ಈಗ ಕೈಗೆ ಬಂದಿತ್ತು," ಎಂದು ಸಿಟ್ಟಿನಿಂದ ಎದ್ದು, ಅಳಿಯನ ಕಡೆ ಕೈ ಮಾಡಿಕೊಂಡು ನಡೆದ. ಅವನ ಬೆನ್ನ ಹಿಂದೆ ಪೆಟ್ಟಿಗೆ ಮುಂದಕ್ಕೆ ವಾಲಿತ್ತು. ಬೀಳದಂತೆ ಹಿಡಿದಿದ್ದದ್ದು ಗೋಡೆಯ ಮೊಳೆಗೆ ಸುತ್ತಿದ್ದ ಹಿಂದಿನ ವೈರು ಮಾತ್ರ. ಅದು ಬಿಗಿಯಾಗಿ ಎಳೆದು ನಿಂತಿದ್ದನ್ನೂ, ಅದನ್ನು ಪೆಟ್ಟಿಗೆಗೆ ಕೂರಿಸಿದ್ದ ಸಣ್ಣ ಸ್ಕ್ರೂಗಳು ಪ್ಲೈವುಡ್ಡಿನಿಂದ ಕಿರುಗುಟ್ಟುತ್ತ ಬಿಡುತ್ತಿದ್ದುದನ್ನೂ ನಾನು ನೋಡಿದೆ. ಆಮೇಲೆ ಬಿತ್ತು. ಕುರ್ಚಿಯ ಬೆನ್ನು ಒಡೆದು, ಕೂರುವ ಜಾಗವನ್ನು ಸೀಳಿ, ನೆಲದ ಗಾರೆ ಹಾರಿಸಿ ನಿಂತಿತು.

ಅಪ್ಪ ಅಂಗಾಲಿನಿಂದ ಅದನ್ನು ಕೇಳಿಸಿಕೊಂಡ. "ಇದ್ಯಾವ ಪೆಟ್ಟು?" ಎಂದು ತಿರುಗಿದ. ತನ್ನ ಕುರ್ಚಿ ನೋಡಿದ.

ಅಡುಗೆಮನೆಯಿಂದ ಓಡಿಬಂದ ಅವ್ವ ಏನು ಎತ್ತ ಕೇಳಲಿಲ್ಲ. ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೇನು ಹುಡುಕುವವಳ ಹಾಗೆ ಕೂದಲು ಸರಿಸಿ ಸರಿಸಿ ನೋಡಿದಳು. "ಏನಾಗಿಲ್ಲ ಬಿಡೇ, ಕುರ್ಚಿ ಹೋತು ಅಷ್ಟೇ" ಎಂದ ಅಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಭಾವ ಹೊಸ್ತಿಲ ಮೇಲೆ ಕೂತರು. ಜೊತೆಗೆ ಬಂದಿದ್ದ ಅಕ್ಕ ಕೊಟ್ಟ ಟೀಯನ್ನು ಕುಡಿಯದೆ ಪಕ್ಕಕ್ಕಿಟ್ಟರು. ನಾನು ನಗುತ್ತಿದ್ದೆ ಎಂದು ಅಕ್ಕ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ. ಆ ನಿಮಿಷ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತದೆ, ಕೆಲವು ಸಲ ವೈರು ಬೇಗ ಕಿತ್ತುಬರುತ್ತದೆ. ಆಗ ಊರಿಗೆ ಫೋನ್ ಮಾಡಿ "ಸಾರು ಏನು ಮಾಡಿದ್ಯವ್ವ" ಎಂದು ಕೇಳುತ್ತೇನೆ. ಹುರುಳಿ ಸಾರು ಎಂದರೆ ಸಾಕು.

ಮರುದಿನ ಭಾವ ಸಜ್ಜದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದರು. ನೀರು ನೇರ ಮುಂದಕ್ಕೆ ಹರಿದು ತೊಟ್ಟಿಕ್ಕಿತು. ಕಲ್ಲಿಗೆ ಮುಂದಕ್ಕೆ ವಾಟ ಇತ್ತು. ಹಾಸಿಗೆಗಳು ಅದನ್ನು ಯಾವತ್ತೂ ಹೇಳಿರಲಿಲ್ಲ. ಸ್ಪೀಕರಿನ ಚೌಕಟ್ಟು ಸೊಟ್ಟಗಾಗಿತ್ತು. "ಇನ್ನು ಈ ಮನೇಲಿ ಪೆಟ್ಟಿಗೆ ಮಾತು ಬ್ಯಾಡ," ಎಂದು ಭಾವ ಎಲ್ಲ ತುಂಬಿಕೊಂಡು ಹೋದರು.

ನಾನು ಊರಿಗೆ ಹೋದಾಗಲೆಲ್ಲ ಅಪ್ಪ ಜಗಲಿಯ ಮೇಲೆ ಬಸ್ಸಿನ ಹೊತ್ತಿಗೆ ಕೂತು, ಬಸ್ಸು ಹೊರಟ ಮೇಲೂ ಅಂಗೈಯನ್ನು ಕಲ್ಲಿನ ಮೇಲೇ ಇಟ್ಟುಕೊಂಡಿರುತ್ತಿದ್ದ. ಅದನ್ನು ನೋಡಲಾರದೆ ನಾನೇ ಹೊಸದುರ್ಗಕ್ಕೆ ಹೋದೆ.

"ಭಾವ, ಎರಡು ಸಣ್ಣ ಸ್ಪೀಕರ್ ಹಾಕಾಣ. ಹತ್ತಿಂಚಿಂದು. ಎದುರುಬದುರು, ಒಂದು ಎಡಕ್ಕೆ ಒಂದು ಬಲಕ್ಕೆ. ಒಂದು ಈ ಕಡೆ ತಳ್ಳಿದ್ರೆ ಇನ್ನೊಂದು ಆ ಕಡೆ ತಳ್ತೈತೆ. ಪೆಟ್ಟಿಗೆ ಕದಲಾದಿಲ್ಲ."

"ಗಂಡ ಹೆಂಡ್ತಿ ಜಗಳಾಡಿದಂಗೆ?"

"ಹಂಗೇ. ಮನೆ ಇದ್ದಲ್ಲೇ ಇರ್ತೈತೆ."

ಅವರು ನಕ್ಕರು. ಈ ಸಲ ಕೊಳವೆಯಿಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ. ತಳಕ್ಕೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ತುಂಡುಗಳು. ಬಾಗೂರಿಗೆ ತಂದಾಗ ಎಲ್ಲಿಡಬೇಕು ಎಂದು ಅವ್ವನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳೇ ಒಳಗಿನಿಂದ ಒಂದು ಹಲಸಿನ ಮಣೆ ತಂದು ನೆಲದ ಮೇಲಿಟ್ಟಳು. "ದೇವ್ರನ್ನ ಎಲ್ಲಿ ಕೂರಿಸ್ತೀವಿ? ಮಣೆ ಮ್ಯಾಲೆ. ಮಣೆ ಎಲ್ಲಿರ್ತೈತೆ? ನೆಲದ ಮ್ಯಾಲೆ. ಇದು ಅವತ್ತೇ ಹೊಳೀಬೇಕಿತ್ತು ನನಗೆ. ಇಡ್ರಿ." ಮತ್ತೆ ಕುಂಕುಮ ಇಟ್ಟಳು.

ಭಾವ ಪೆಟ್ಟಿಗೆಯ ಮೇಲೆ ತುಂಬಿದ ನೀರಿನ ಲೋಟ ಇಟ್ಟು ಡೊಳ್ಳು ಹಾಕಿದರು. ನೀರಿನ ಮೇಲೆ ಸಣ್ಣ ಸುಕ್ಕು ಬಿಟ್ಟರೆ ಲೋಟ ಅಲ್ಲಾಡಲಿಲ್ಲ. ನನ್ನ ಹೆಗಲಿನಿಂದ ಏನೋ ಇಳಿದಂತಾಯಿತು. ಆದರೆ ಅಪ್ಪ ಪೆಟ್ಟಿಗೆ ಮುಟ್ಟಿದ, ಗೋಡೆ ಮುಟ್ಟಿದ, ನೆಲ ಮುಟ್ಟಿದ. ತಲೆಯಾಡಿಸಿದ. "ಬರ್ತಿಲ್ಲವಲ್ಲೇ." ಪೆಟ್ಟಿಗೆ ನಡುಗದಂತೆ ಮಾಡಿದ್ದೇ ನಾವು; ನಡುಕ ಈಗ ಗಾಳಿಯಲ್ಲಿ ಮಾತ್ರ ಇತ್ತು, ಮರದಲ್ಲೂ ಕಲ್ಲಿನಲ್ಲೂ ಇರಲಿಲ್ಲ.

ಅವ್ವ ಪಕ್ಕದಲ್ಲೇ ಅವರೆಕಾಳು ಕೇರುತ್ತಿದ್ದಳು. ಮೆಂತ್ಯ ರುಬ್ಬಿ ಬಳಿದು ಸಂದು ಮುಚ್ಚಿದ ಬಿದಿರಿನ ಮೊರ. ಕೇರುವುದನ್ನು ನಿಲ್ಲಿಸಿ ಅದನ್ನೇ ದಿಟ್ಟಿಸಿದಳು. ಕಾಳುಗಳು ತಾವಾಗಿಯೇ ಡೊಳ್ಳಿನ ಒಂದೊಂದು ಪೆಟ್ಟಿಗೂ ಜಿಗಿಯುತ್ತಿದ್ದವು. ಕಾಳನ್ನು ಸೆರಗಿಗೆ ಸುರಿದುಕೊಂಡು ಬರಿ ಮೊರವನ್ನು ಅಪ್ಪನ ಮಡಿಲಿಗೆ ಇಟ್ಟಳು. ಅವನು ಎರಡೂ ಅಂಗೈ ಅದರ ಮೇಲೆ ಊರಿದ. ಗಾಳಿಯಲ್ಲಿದ್ದದ್ದೆಲ್ಲ ಆ ತೆಳ್ಳನೆಯ ಬಿದಿರಿಗೆ ಬರುತ್ತಿತ್ತು.

"ಇದು ನಮ್ಮ ಮೇಳದಾಗೆ ಎಡಗಡೆ ನಿಲ್ತಿದ್ದವನ ಕೈ," ಅಂದ ಸ್ವಲ್ಪ ಹೊತ್ತಿಗೆ. "ಈಗ್ಲೂ ಅವಸರದ ನನ್ಮಗ. ಮುಂದಕ್ಕೆ ಓಡ್ತಾನೆ ನೋಡು."

ಭಾವ ಮುಖ ಆ ಕಡೆ ತಿರುಗಿಸಿಕೊಂಡು ವೈರು ಸರಿಮಾಡುವವರಂತೆ ಕೂತರು. ನಾನು ಅಪ್ಪನ ತಲೆಯ ಮೇಲೆ ನೋಡಿದೆ: ಬರಿ ಸೂರು, ಒಂದು ಫ್ಯಾನು. ಫ್ಯಾನಿನ ಕೊಕ್ಕೆಯನ್ನೂ ನೋಡಿದೆ, ಗಟ್ಟಿಯಾಗಿತ್ತು.

ಈಗ ದಿನವೂ ಸಂಜೆ ಅದೇ. ಅವ್ವ ಅಕ್ಕಿ ಕೇರಲು ಹೊರಟಾಗ ಮೊರ ಇರುವುದಿಲ್ಲ. ಬೇರೆ ಕೊಳ್ಳಬಹುದಲ್ಲ ಎಂದರೆ, ಕೊಂಡದ್ದಾಗಿದೆ, ಅಪ್ಪನಿಗೆ ಹೊಸದು ಹಿಡಿಸಲಿಲ್ಲ, ಅವ್ವನಿಗೂ ಹಳೆಯದೇ ಬೇಕು. ಫೋನಿನಲ್ಲಿ ನನಗೆ ಅವ್ವನ ದೂರು ಕೇಳಿಸುತ್ತದೆ, ಹಿಂದೆ ಡೊಳ್ಳೂ ಕೇಳಿಸುತ್ತದೆ. ಬೈಯಲಿ ಎಂದು ನಾನು ಬಹಳ ಹೊತ್ತು ಫೋನು ಇಡುವುದಿಲ್ಲ.